ಕಂಡಕ್ಟರ್ ಇಲ್ಲದೆ ಶುರುವಾದ ಮೇಳ: ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್

ಮೊದಲು ಒಂದು ಪದ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬಕ್ಕೆ ಬಂದು ಸಿನಿಮಾ ಹಾಡು ಹಾಡುವ ತಂಡ. ಯುರೋಪಿನಲ್ಲಿ ಅರ್ಥ ಬೇರೆ. ಸಿಂಫನಿ ಆರ್ಕೆಸ್ಟ್ರಾ ಎಂದರೆ ಎಂಬತ್ತು, ನೂರು ಜನರ ವಾದ್ಯಮೇಳ. ಚೇಂಬರ್ ಆರ್ಕೆಸ್ಟ್ರಾ ಅದಕ್ಕಿಂತ ತುಂಬಾ ಚಿಕ್ಕದು. ಹತ್ತು ಹನ್ನೆರಡು ಜನರಿಂದ ಹಿಡಿದು ಮೂವತ್ತು ನಲವತ್ತು ಜನರವರೆಗೆ ಇರಬಹುದು. ಜನ ಕಡಿಮೆಯಾದಷ್ಟೂ ಒಬ್ಬೊಬ್ಬರ ಹೊಣೆ ಜಾಸ್ತಿ. ಹತ್ತಾರು ಪಿಟೀಲುಗಳ ನಡುವೆ ಒಂದು ಸ್ವಲ್ಪ ತಪ್ಪಿದರೆ ಮುಚ್ಚಿಹೋಗುತ್ತದೆ. ನಾಲ್ಕೇ ಪಿಟೀಲು ಇದ್ದರೆ ಎಲ್ಲವೂ ಕೇಳಿಸುತ್ತದೆ, ಅಲ್ವಾ?

ಈಗ ಹೆಸರಿಗೆ ಬರೋಣ. ಲಂಡನ್ನಿನ ಟ್ರಫಾಲ್ಗರ್ ಚೌಕದ ಪಕ್ಕದಲ್ಲಿ ಸೇಂಟ್ ಮಾರ್ಟಿನ್ ಚರ್ಚ್ ಇದೆ. ಒಂದು ಕಾಲದಲ್ಲಿ ಅದರ ಸುತ್ತ ಹೊಲಗಳಿದ್ದವು, ಅದಕ್ಕೇ 'ಇನ್ ದ ಫೀಲ್ಡ್ಸ್'. ಈಗಿನ ಕಟ್ಟಡ 1726ರದ್ದು, ಜೇಮ್ಸ್ ಗಿಬ್ಸ್ ವಿನ್ಯಾಸ ಮಾಡಿದ್ದು. 'ಅಕಾಡೆಮಿ' ಎಂದಾಕ್ಷಣ ಸಂಗೀತ ಶಾಲೆ ಎಂದುಕೊಳ್ಳಬೇಡಿ. 18ನೇ ಶತಮಾನದ ಯುರೋಪಿನಲ್ಲಿ ಕಛೇರಿಯನ್ನೂ ಅಕಾಡೆಮಿ ಎಂದು ಕರೆಯುತ್ತಿದ್ದರು.

ಮೇಳ ಕಟ್ಟಿದವರು ನೆವಿಲ್ ಮ್ಯಾರಿನರ್. 1924ರಲ್ಲಿ ಇಂಗ್ಲೆಂಡಿನ ಲಿಂಕನ್‌ನಲ್ಲಿ ಹುಟ್ಟಿದ ಪಿಟೀಲುವಾದಕ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದಾಗ ಅವರಿಗೆ ಥರ್ಸ್ಟನ್ ಡಾರ್ಟ್ ಪರಿಚಯವಾದರು. ಹಳೆಯ ಕಾಲದ ಸಂಗೀತವನ್ನು ಆಳವಾಗಿ ಓದಿಕೊಂಡಿದ್ದ ವಿದ್ವಾಂಸ. ಬರೋಕ್, ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತದ ರುಚಿ ಮ್ಯಾರಿನರ್‌ಗೆ ಹತ್ತಿದ್ದರಲ್ಲಿ ಈ ಸ್ನೇಹದ ಪಾಲು ದೊಡ್ಡದು. ಮುಂದೆ ಅವರು ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲುಗಳ ಮುಖ್ಯಸ್ಥರಾದರು. ಆದರೆ ದೊಡ್ಡ ಮೇಳದಲ್ಲಿ ಕಂಡಕ್ಟರ್, ಅಂದರೆ ಎದುರು ನಿಂತು ಕೋಲು ಬೀಸಿ ಮೇಳ ನಡೆಸುವವರು, ಹೇಳಿದ್ದೇ ಕೊನೆ ಮಾತು. ಸ್ವಂತ ಯೋಚನೆಗೆ ಜಾಗವಿರಲಿಲ್ಲ. ಹೀಗೆ ಬೇಸತ್ತ ಕೆಲವು ತಂತಿವಾದ್ಯದವರು 1958ರಲ್ಲಿ ಮ್ಯಾರಿನರ್ ಮನೆಯ ಹಾಲ್‌ನಲ್ಲಿ ಸೇರಿ ಸುಮ್ನೆ ತಮ್ಮ ಖುಷಿಗೆ ನುಡಿಸತೊಡಗಿದರು. ಮೊದಲ ಕಛೇರಿ 13 ನವೆಂಬರ್ 1959ರಂದು, ಅದೇ ಚರ್ಚ್‌ನಲ್ಲಿ. 1958, 1959 ಎಂದು ಎರಡು ಇಸವಿ ಕಂಡು ಗೊಂದಲವಾಗುವವರಿಗೆ ಇದೇ ಉತ್ತರ.

ಕಂಡಕ್ಟರ್ ಇಲ್ಲದೆ ಎಲ್ಲರೂ ಒಟ್ಟಿಗೆ ಶುರು ಮಾಡುವುದು ಹೇಗೆ? ಮುಂದಿನ ಕುರ್ಚಿಯಲ್ಲಿ ಕೂತ ಪಿಟೀಲುವಾದಕ ಮೂಗಿನಿಂದ ಚುರುಕಾಗಿ ಒಂದು ಉಸಿರು ಎಳೆದುಕೊಳ್ಳುತ್ತಾನೆ. ಜೊತೆಗೇ ಪಿಟೀಲಿನ ತಲೆ ತುಸು ಮೇಲೇಳುತ್ತದೆ. ಆ ಉಸಿರಿನ ವೇಗವೇ ಹಾಡಿನ ವೇಗ. ಉಳಿದವರು ಅದೇ ಉಸಿರಲ್ಲಿ ಕಮಾನು ಎತ್ತುತ್ತಾರೆ. ನಮ್ಮ ಕಛೇರಿಯಲ್ಲಿ ಮೃದಂಗದವರು ಹಾಡುವವರ ಮುಖ ನೋಡುತ್ತಾ ಕೂರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ಮೇಳದ ಖ್ಯಾತಿಗೆ ಬುಡ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕೋಲು ನೋಡಿ ನುಡಿಸುವವರಿಗಿಂತ ಪಕ್ಕದವರನ್ನು ಕೇಳಿ ನುಡಿಸುವವರ ನಾದ ಹಗುರ, ಚುರುಕು, ಸ್ವಚ್ಛ.

ಮೇಳ ದೊಡ್ಡದಾಗುತ್ತಾ ಹೋಯಿತು. ಫ್ರೆಂಚ್ ಕಂಡಕ್ಟರ್ ಪಿಯೆರ್ ಮೊಂತೋ ಬಳಿ ಕಲಿತಿದ್ದ ಮ್ಯಾರಿನರ್, ಕೊನೆಗೆ ಪಿಟೀಲು ಬದಿಗಿಟ್ಟು ತಾವೇ ಎದ್ದು ನಿಂತು ನಡೆಸಿದರು. ಅವರ ನಂತರ ಕೂತು ಮುನ್ನಡೆಸಿದವರಲ್ಲಿ ಅಯೋನಾ ಬ್ರೌನ್ ಮುಖ್ಯರು.

ಜಗತ್ತಿಗೆ ಈ ಮೇಳ ತಲುಪಿದ್ದು ಕಛೇರಿಗಿಂತ ಹೆಚ್ಚಾಗಿ ರೆಕಾರ್ಡ್ ಮೂಲಕ. ಮೊದಲ ರೆಕಾರ್ಡಿಂಗ್ 1961ರಲ್ಲಿ. ಇಂದಿಗೆ 500ಕ್ಕೂ ಜಾಸ್ತಿ. 1969ರಲ್ಲಿ ಅಲನ್ ಲವ್‌ಡೇ ಪಿಟೀಲು ನುಡಿಸಿದ ಬರೋಕ್ ಕಾಲದ ಸಂಗೀತ ರಚನಕಾರ ವಿವಾಲ್ಡಿಯ 'ನಾಲ್ಕು ಋತುಗಳು' ಧ್ವನಿಮುದ್ರಣವಾಯಿತು, ಮನೆಮನೆಗೆ ಹೋಯಿತು. ಆಮೇಲೆ ಸಂಗೀತ ರಚನಕಾರ ಮೊಜಾರ್ಟ್ ಕುರಿತ 1984ರ 'ಅಮೇಡಿಯಸ್' ಸಿನಿಮಾ. ಮೊಜಾರ್ಟ್‌ನ ಒಂದು ಸ್ವರವನ್ನೂ ಬದಲಿಸಬಾರದು ಎಂಬ ಷರತ್ತು ಹಾಕಿಯೇ ಮ್ಯಾರಿನರ್ ಅದಕ್ಕೆ ಒಪ್ಪಿದ್ದು.

ಆ ಸಿನಿಮಾದ ಶುರುವನ್ನು ಒಮ್ಮೆ ಗಮನವಿಟ್ಟು ಕೇಳಿ. ಹಿಮ ಬಿದ್ದ ರಾತ್ರಿ ಮೊಜಾರ್ಟ್ ಕಾಲದ ಇನ್ನೊಬ್ಬ ರಚನಕಾರ, ಮುದುಕ ಸಾಲಿಯೇರಿಯನ್ನು ಹೊತ್ತೊಯ್ಯುವಾಗ ಬರುವುದು ಮೊಜಾರ್ಟ್‌ನ 25ನೇ ಸಿಂಫನಿ, ಅಂದರೆ ವಾದ್ಯಮೇಳಕ್ಕೆಂದು ಬರೆದ ದೊಡ್ಡ ಕೃತಿ. 1773ರಲ್ಲಿ, ಅವನಿಗೆ 17 ವರ್ಷವಿದ್ದಾಗ ಬರೆದದ್ದು. ಓಬೋ ಎಂಬ ಊದುವ ವಾದ್ಯಗಳು ನೀಳವಾಗಿ ನಾಲ್ಕು ಸ್ವರ ಹಿಡಿಯುತ್ತವೆ. ಅದೇ ಸ್ವರಗಳನ್ನು ಪಿಟೀಲುಗಳು ತಾಳದ ಪೆಟ್ಟಿನ ಮೇಲಲ್ಲ, ಎರಡು ಪೆಟ್ಟುಗಳ ನಡುವೆ ಒತ್ತಿ ಒತ್ತಿ ನುಡಿಸುತ್ತವೆ. ಇದಕ್ಕೆ ಸಿಂಕೋಪೇಶನ್ ಎನ್ನುತ್ತಾರೆ. ಒಬ್ಬರು ಕೂದಲೆಳೆಯಷ್ಟು ಜಾರಿದರೂ ಗಲಿಬಿಲಿ. ಇಲ್ಲಿ ಎಲ್ಲರೂ ಒಂದೇ ಎದೆಬಡಿತದ ಹಾಗೆ ಕೇಳಿಸುತ್ತಾರೆ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಟೀಕೆಯನ್ನೂ ತಿಳಿದಿರಬೇಕು. 1970ರ ದಶಕದಲ್ಲಿ ಬರೋಕ್ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ, ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಯಲ್ಲೇ ನುಡಿಸಬೇಕೆನ್ನುವವರು ಮುಂದೆ ಬಂದರು. ಅವರಲ್ಲೊಬ್ಬರು ಕ್ರಿಸ್ಟೋಫರ್ ಹಾಗ್‌ವುಡ್, ಇದೇ ಮೇಳದಲ್ಲಿ ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯ) ನುಡಿಸಿದವರು. 1973ರಲ್ಲಿ ಅವರು 'ಅಕಾಡೆಮಿ ಆಫ್ ಏನ್ಷಿಯಂಟ್ ಮ್ಯೂಸಿಕ್' ಕಟ್ಟಿದರು. ಆ ಕಿವಿಗೆ ಮ್ಯಾರಿನರ್ ನಾದ ತೀರಾ ನುಣುಪು ಎನ್ನಿಸಿತು. ಮಾತಿನಲ್ಲಿ ಹುರುಳಿದೆ. ಆದರೆ 1960ರ ದಶಕದಲ್ಲಿ ಭಾರವಾಗಿ ತೆವಳುತ್ತಿದ್ದ ಬಾಖ್, ವಿವಾಲ್ಡಿಯರನ್ನು ಹಗುರ ಮಾಡಿ ಓಡಿಸಿದವರಲ್ಲಿ ಇವರೂ ಇದ್ದರು, ಅದನ್ನು ಮರೆಯುವುದು ಸರಿಯಲ್ಲ.

2011ರಲ್ಲಿ ಅಮೆರಿಕದ ಪಿಟೀಲುವಾದಕ ಜೋಶುವಾ ಬೆಲ್ ಸಂಗೀತ ನಿರ್ದೇಶಕರಾದರು. ಮ್ಯಾರಿನರ್ 2016ರ ಅಕ್ಟೋಬರ್ 2ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಲ್ ಸಾಮಾನ್ಯವಾಗಿ ಮುಂದಿನ ಕುರ್ಚಿಯಲ್ಲಿ ಕೂತು, ಪಿಟೀಲು ನುಡಿಸುತ್ತಲೇ ಮೇಳ ನಡೆಸುತ್ತಾರೆ. ಬೀಥೋವನ್ ಸಿಂಫನಿಗಳನ್ನೂ ಹಾಗೇ ನಡೆಸಿದ್ದಾರೆ. ವಿಡಿಯೋ ಸಿಕ್ಕರೆ ಮೊದಲ ಎರಡು ಸೆಕೆಂಡು ಬಿಡದೆ ನೋಡಿ. ನಾದ ಬರುವ ಮೊದಲು ಆ ಉಸಿರು ಕಾಣುತ್ತದೆ.