ಮನೆಯಲ್ಲೇ ಕಲಿಯುವ ಮಗುವಿಗೆ ಯಾವ ಪುಸ್ತಕ, ಯಾವ ಆಪ್?

ಓದುಗರ ಪ್ರಶ್ನೆ: ನಾವು ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಮನೆಯಲ್ಲಿದ್ದೇವೆ. ಒಂಬತ್ತು ವರ್ಷದ ಮಗಳಿಗೆ ಈ ವರ್ಷದಿಂದ ಮನೆಯಲ್ಲೇ ಪಾಠ ಹೇಳಿಕೊಡುತ್ತಿದ್ದೇವೆ. ಪುಸ್ತಕ, ಕಿಟ್, ಆಪ್ ಎಂದು ದಿನಕ್ಕೊಂದು ಜಾಹೀರಾತು ಬರುತ್ತದೆ. ಎಲ್ಲದರ ಕೆಳಗೂ ಹೊಗಳಿಕೆಯೇ ಇರುತ್ತದೆ. ಯಾವುದನ್ನು ಕೊಳ್ಳಬೇಕು, ಕೊಂಡದ್ದು ಒಳ್ಳೆಯದೋ ಅಲ್ಲವೋ ಎಂದು ನಾವೇ ತಿಳಿಯುವುದು ಹೇಗೆ?

ಉತ್ತರ: ಕುಶಾಲನಗರದಿಂದ ಶ್ರೀಮಂಗಲದವರೆಗೆ ಕೇಳುವವರ ಊರು ಬೇರೆಯಾದರೂ ಪ್ರಶ್ನೆ ಹೆಚ್ಚುಕಡಿಮೆ ಇದೇ ಆಗಿರುತ್ತದೆ, ಮತ್ತು ಹತ್ತು ಹೆಸರುಗಳ ಒಂದು ಪಟ್ಟಿ ಸಿಕ್ಕರೆ ಸಾಕೆಂಬ ನಿರೀಕ್ಷೆ ಕೇಳಿದವರ ಮನಸ್ಸಿನಲ್ಲಿರುತ್ತದೆ. ಅಂಥ ಪಟ್ಟಿಯನ್ನು ನಾನೂ ಹಿಂದೊಮ್ಮೆ ಮಾಡಿ ಕೊಟ್ಟಿದ್ದೆ. ಅದನ್ನು ನೋಡಿ ಪುಸ್ತಕ ತರಿಸಿದ ಮೂರು ಮನೆಗಳ ಪೈಕಿ ಎರಡರಲ್ಲಿ ಅವು ಸುತ್ತಿದ ಪ್ಲಾಸ್ಟಿಕ್ ಸಮೇತ ಅಟ್ಟ ಸೇರಿದವು. ಆದ್ದರಿಂದ ಈ ಸಲ ಪಟ್ಟಿಗಿಂತ ಮೊದಲು ಪರೀಕ್ಷೆಯ ಕ್ರಮವನ್ನು ಹೇಳುತ್ತೇನೆ. ಕ್ರಮ ಸರಳವಾದದ್ದು: ಯಾವುದೇ ಪುಸ್ತಕವಾಗಲಿ, ವಿಡಿಯೊ ಸರಣಿಯಾಗಲಿ, ಮೊದಲ ಅಧ್ಯಾಯದಿಂದ ನೋಡತೊಡಗಬೇಡಿ, ನಿಮಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿರುವ ವಿಷಯ ಅದರಲ್ಲಿ ಎಲ್ಲಿ ಬಂದಿದೆಯೋ ಆ ಪುಟವನ್ನು ತೆರೆಯಿರಿ.

ಕೊಡಗಿನ ತೋಟದ ಮನೆಯವರಿಗೆ ಈ ವಿಷಯದಲ್ಲಿ ಬಡತನವಿಲ್ಲ. ಮಕ್ಕಳ ವಿಶ್ವಕೋಶವೊಂದು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಕಾಫಿಯ ಪುಟವನ್ನು. ಗಿಡದಿಂದ ನೇರವಾಗಿ ಬೀಜ ಕೀಳುತ್ತಾರೆ ಎಂಬಂತೆ ಅಲ್ಲಿ ಬರೆದಿದ್ದರೆ, ಹಣ್ಣು, ಅದರೊಳಗೆ ಸಾಮಾನ್ಯವಾಗಿ ಇರುವ ಎರಡು ಬೀಜ, ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರವಾದ ಪಲ್ಪರ್, ಕಣದಲ್ಲಿ ಒಣಗಿಸುವ ದಿನಗಳು ಇವೆಲ್ಲ ಮಾಯವಾಗಿದ್ದರೆ, ಬರೆದವರು ಚಿತ್ರ ನೋಡಿ ಬರೆದಿದ್ದಾರೆ ಎಂದರ್ಥ. ಅರೇಬಿಕಾದಲ್ಲಿ ಸ್ವಪರಾಗಸ್ಪರ್ಶ ನಡೆಯುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕಾಗುತ್ತದೆ ಎಂಬಷ್ಟನ್ನು ಒಂದು ಪುಸ್ತಕ ಹೇಳಿದ್ದರೆ ಅದರ ಜೀವಶಾಸ್ತ್ರದ ಉಳಿದ ಪುಟಗಳ ಮೇಲೂ ನನಗೆ ಭರವಸೆ ಹುಟ್ಟುತ್ತದೆ. ನಿಮಗೆ ಗೊತ್ತಿರುವ ಕಡೆ ಅಸಡ್ಡೆ ತೋರಿದ ಪುಸ್ತಕ, ನಿಮಗೆ ಗೊತ್ತಿಲ್ಲದ ಕಡೆ ಮಾತ್ರ ಎಚ್ಚರದಿಂದ ಇದ್ದೀತು ಎಂದು ನಂಬಲು ಕಾರಣವೇ ಇಲ್ಲ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ತಪ್ಪು ಬೇರೆ, ದೂರ ಬೇರೆ. ಬಯಲಲ್ಲಿ ಸಾಲಾಗಿ ನೆಟ್ಟ ಕಾಫಿ ಗಿಡಗಳ ನಡುವೆ ಯಂತ್ರ ಹಾಯಿಸಿ ಕೊಯ್ಯುವ ಚಿತ್ರ ಬ್ರೆಜಿಲ್‌ನ ಮಟ್ಟಿಗೆ ನಿಜ. ನೆರಳಿನ ಮರ, ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಅಲ್ಲಿ ಕಾಣದಿದ್ದರೆ ಅದು ತಪ್ಪಲ್ಲ. ಹಾಗೆಯೇ ವರ್ಷಕ್ಕೆ ನಾಲ್ಕೇ ಋತು, ಚಳಿಗಾಲವೆಂದರೆ ಹಿಮ ಎಂದು ಹೇಳುವ ಹೊರದೇಶದ ಚಿತ್ರಪುಸ್ತಕ. ಅದನ್ನು ಎಸೆಯಬೇಕಿಲ್ಲ, ಆದರೆ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯನ್ನು ಕಂಡ ಮಗುವಿಗೆ ಅದನ್ನು ಪಕ್ಕದಲ್ಲಿ ಕುಳಿತು ಓದಿಸುವ ಹಿರಿಯರೊಬ್ಬರು ಬೇಕು. ಪುಸ್ತಕದಲ್ಲಿ ಇರುವುದು ತಪ್ಪೋ ದೂರವೋ ಎಂದು ವಿಂಗಡಿಸಿಕೊಂಡರೆ ಅರ್ಧ ವಿಮರ್ಶೆ ಮುಗಿದಂತೆ.

ಗಣಿತದ ಪುಸ್ತಕಗಳನ್ನು ಹೀಗೆ ಓದಿ ತೂಗುವುದು ಕಷ್ಟ, ಏಕೆಂದರೆ ಅವುಗಳಲ್ಲಿ ತಪ್ಪು ಉತ್ತರಗಳು ಅಪರೂಪ. ಕೊರತೆ ಇರುವುದು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ದಶಮಾಂಶದ ಅಭ್ಯಾಸ ಪುಸ್ತಕವೊಂದನ್ನು ಮಗ ಮುಗಿಸಿದ್ದ, ಪ್ರತಿ ಪುಟಕ್ಕೂ ಸರಿ ಗುರುತು ಬಿದ್ದಿತ್ತು, ನಾನು ನೆಮ್ಮದಿಯಿಂದಿದ್ದೆ. ಇಲ್ಲಿನ ಹಲವು ತೋಟಗಳಂತೆ ನಮ್ಮಲ್ಲಿಯೂ ಬೆಳಗ್ಗೆ ಮಳೆಮಾಪಕ ನೋಡಿ ಮಳೆ ಪುಸ್ತಕದಲ್ಲಿ ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆಯುವ ರೂಢಿ. ಇಂಚಿನ ನೂರನೇ ಒಂದು ಭಾಗವೇ ಸೆಂಟು. ಒಂದು ದಿನ ಅಜ್ಜ "ಒಂದು ಇಂಚು ನಾಲ್ಕು ಸೆಂಟು, ಬರೆದುಕೊ" ಎಂದರು. ಮಗ 1.4 ಎಂದು ಬರೆದ. ಅಜ್ಜ ಕನ್ನಡಕ ಏರಿಸಿ ನೋಡಿ, "ಇದು ನಲವತ್ತು ಸೆಂಟಾಯಿತಲ್ಲೋ" ಎಂದರು. 1.04ಕ್ಕೂ 1.40ಕ್ಕೂ ನಡುವಿನ ಅಂತರ, ಅಂದರೆ ಸುಮಾರು 26 ಮಿಲಿಮೀಟರಿಗೂ 36 ಮಿಲಿಮೀಟರಿಗೂ ಇರುವ ವ್ಯತ್ಯಾಸ, ಅವನಿಗೆ ತಿಳಿದೇ ಇರಲಿಲ್ಲ. ಅಭ್ಯಾಸ ಪುಸ್ತಕವನ್ನು ಮತ್ತೆ ತಿರುವಿ ನೋಡಿದಾಗ, ದಶಮಾಂಶ ಬಿಂದುವಿನ ನಂತರದ ಮೊದಲ ಸ್ಥಾನದಲ್ಲಿ ಸೊನ್ನೆ ಬರುವ ಒಂದೇ ಒಂದು ಲೆಕ್ಕವೂ ಅದರಲ್ಲಿ ಇರಲಿಲ್ಲ. ಪುಸ್ತಕ ಕೊಂಡ ದಿನ ನಾನು ವಿಮರ್ಶೆ ಬರೆದಿದ್ದರೆ ಮುದ್ರಣ ಅಂದವಾಗಿದೆ, ಮಗು ಸಂತೋಷದಿಂದ ಮಾಡುತ್ತಿದೆ ಎಂದು ಬರೆದಿರುತ್ತಿದ್ದೆ. ಎರಡೂ ನಿಜ, ಎರಡೂ ನಿಷ್ಪ್ರಯೋಜಕ.

ಅಂದಿನಿಂದ ಗಣಿತದ ಯಾವುದೇ ಸಾಮಗ್ರಿಗೆ ನಮ್ಮ ಮನೆಯಲ್ಲಿ ಪರೀಕ್ಷೆ ಪುಸ್ತಕದ ಹೊರಗೇ ನಡೆಯುತ್ತದೆ. ಶೇಕಡಾವಾರು ಕಲಿಸುವ ಪಾಠವಾದರೆ, 50 ಕೆ.ಜಿ. ಚೆರಿ (ಒಣಗಿಸಿದ ಹಣ್ಣು) ಚೀಲಕ್ಕೆ ಓಟಿ, ಅಂದರೆ ಸಿಪ್ಪೆ ತೆಗೆದ ಮೇಲೆ ಉಳಿಯುವ ಕ್ಲೀನ್ ಕಾಫಿ, 26 ಕೆ.ಜಿ. ಬಂದರೆ ನೂರಕ್ಕೆ ಎಷ್ಟು ಕ್ಲೀನ್ ಕಾಫಿ ಸಿಕ್ಕಿತು ಎಂದು ಕೇಳುತ್ತೇವೆ. 52 ಎಂಬ ಉತ್ತರಕ್ಕಿಂತ, ಮಗು ಅಲ್ಲಿಗೆ ಹೇಗೆ ಬಂತು ಎಂಬುದೇ ಆ ಪಾಠದ ನಿಜವಾದ ಅಂಕಪಟ್ಟಿ.

ಇನ್ನು ಹಣ ಕೊಟ್ಟು ಕೊಳ್ಳುವ ಮೊದಲು ಬಿಟ್ಟಿಯಾಗಿ ಸಿಗುವುದನ್ನು ತೀರಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕರ್ನಾಟಕ ಪಠ್ಯಪುಸ್ತಕ ಸಂಘದ ಮತ್ತು ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ಅವುಗಳಿಗೆ ಹೊಂದುವ ವಿಡಿಯೊಗಳಿವೆ. ಸರ್ಕಾರಿ ಶಾಲೆಯ ಕೆಳ ತರಗತಿಗಳ ನಲಿ-ಕಲಿ ಪದ್ಧತಿ 1995ರಲ್ಲಿ ಆರಂಭವಾದದ್ದು ನಮ್ಮ ಗಡಿಯಾಚೆಯ ಹೆಗ್ಗಡದೇವನಕೋಟೆಯಲ್ಲಿ. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುವ ಅದರ ಕ್ರಮ, ಬೇರೆ ಬೇರೆ ವಯಸ್ಸಿನ ಎರಡು ಮಕ್ಕಳು ಒಂದೇ ಮೇಜಿನಲ್ಲಿ ಕಲಿಯುವ ಮನೆಗೆ ಶಾಲೆಗಿಂತ ಚೆನ್ನಾಗಿ ಒಗ್ಗುತ್ತದೆ ಎಂದು ನನಗೆ ಅನ್ನಿಸಿದೆ. ಕಥೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ. ಅಲ್ಲಿನ ಕಥೆಗಳನ್ನು ಮುದ್ರಿಸಿಕೊಳ್ಳಲು, ಅನುವಾದಿಸಲು ಮುಕ್ತ ಪರವಾನಗಿಯೇ ಇದೆ. ವಿಜ್ಞಾನಕ್ಕೆ ಅರವಿಂದ ಗುಪ್ತರ ಕಸದಿಂದ ಮಾಡುವ ಆಟಿಕೆಗಳು, ಮತ್ತು ಕೊಲೊರಾಡೊ ವಿಶ್ವವಿದ್ಯಾಲಯದ, ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಫೆಟ್ (PhET) ಪ್ರಯೋಗಗಳು. ಫೆಟ್‌ನ ಹಲವು ಪ್ರಯೋಗಗಳು ಕನ್ನಡದಲ್ಲಿವೆ, ಮತ್ತು ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುವಂಥವೂ ಇವೆ. ಹಳೆಯ ಪುಸ್ತಕ ಕೊಳ್ಳುವವರು ಆವೃತ್ತಿಯ ವರ್ಷವನ್ನು ತಪ್ಪದೆ ನೋಡಬೇಕು, ಏಕೆಂದರೆ ಎನ್‌ಸಿಇಆರ್‌ಟಿ 2023ರಿಂದ ತರಗತಿವಾರು ಹೊಸ ಪುಸ್ತಕಗಳನ್ನು ತರುತ್ತಿದೆ. ಅಕ್ಕನ ಪುಸ್ತಕ ತಂಗಿಗೆ ಆಗುತ್ತದೆ ಎಂಬ ಲೆಕ್ಕ ಈಗ ಹಿಡಿಯುವುದಿಲ್ಲ.

ಇಂಟರ್ನೆಟ್ ಎಂದಾಗ ಆಪ್‌ಗಳ ಮಾತು ಬಂತು. ಮೂರು ವರ್ಷದ ಹಿಂದೆ, ಬೇಸಗೆಯಲ್ಲಿ ಮನೆಗೇ ಬಂದ ಮಾರಾಟ ಪ್ರತಿನಿಧಿಯೊಬ್ಬರ ಮಾತಿಗೆ ಒಪ್ಪಿ ವರ್ಷದ ಚಂದಾ ಒಟ್ಟಿಗೆ ಕಟ್ಟಿದೆ. ಜೂನ್ ಬಂತು, ಗಾಳಿ ಬಂತು, ಲೈನಿನ ಮೇಲೆ ಮರ ಬಿತ್ತು. ಕರೆಂಟ್ ಇಲ್ಲದೆ ಟವರ್ ಸತ್ತಿತು, ಮತ್ತು ಆ ಆಪ್ ಪಾಠ ಇಳಿಸಿಟ್ಟುಕೊಳ್ಳಲು ಬಿಡುವಂಥದ್ದಾಗಿರಲಿಲ್ಲ. ಆಗಸ್ಟ್ ಕೊನೆಯವರೆಗೆ ನಾವು ಅದನ್ನು ಬಳಸಿದ್ದು ಬೆರಳಲ್ಲಿ ಎಣಿಸುವಷ್ಟು ದಿನ. ದುಡ್ಡು ವಾಪಸ್ ಕೇಳಿದರೆ ಹದಿನೈದು ದಿನದ ಗಡುವು ಮುಗಿದಿದೆ ಎಂಬ ಉತ್ತರ ಬಂತು. ಕರಾರು ಓದದೆ ಸಹಿ ಹಾಕಿದವನು ನಾನೇ ಆದ್ದರಿಂದ ಹೆಚ್ಚು ಜಗಳವಾಡುವಂತಿರಲಿಲ್ಲ. ಬೆಂಗಳೂರಿನವರು ಬರೆದ ವಿಮರ್ಶೆಗಳಲ್ಲಿ ಈ ತೊಂದರೆ ಕಾಣುವುದಿಲ್ಲ. ಹಾಗಾಗಿ ಕೊಡಗಿನಲ್ಲಿ ಆಪ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ, ನೆಟ್‌ವರ್ಕ್ ಇಲ್ಲದ ವಾರದಲ್ಲಿ ಅದು ಏನು ಮಾಡುತ್ತದೆ ಎಂಬುದು. ಎರಡನೆಯದು, ತಿಂಗಳ ಲೆಕ್ಕದಲ್ಲಿ ಚಂದಾ ಕೊಡುತ್ತಾರೆಯೇ ಎಂಬುದು. ಮೂರನೆಯದನ್ನು ಮಗುವಿಗೆ ಕೇಳಬೇಕು: ಫೋನ್ ಕೆಳಗಿಟ್ಟ ಮೇಲೆ ಈಗ ನೋಡಿದ್ದನ್ನು ನನಗೆ ಹೇಳು. ನಾಣ್ಯ, ನಕ್ಷತ್ರ, ಬಹುಮಾನಗಳ ಸದ್ದಷ್ಟೇ ನೆನಪಿದ್ದರೆ ಆ ಆಪ್ ಆಟದ ಆಪ್.

ಭಾಷೆಯ ವಿಚಾರವನ್ನು ಹೊರಗಿನ ವಿಮರ್ಶಕರು ಮುಟ್ಟುವುದೇ ಇಲ್ಲ, ಆದರೆ ನಮ್ಮಲ್ಲಿ ಅದು ದೊಡ್ಡದು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ಮಗು, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಗೆಳೆಯರೊಡನೆ ಇನ್ನೊಂದು ಭಾಷೆ ಆಡುವ ಮಗು, ಪುಸ್ತಕದ ಕನ್ನಡವನ್ನು ಮೂರನೆಯ ಭಾಷೆಯಾಗಿ ಎದುರಿಸುತ್ತದೆ. ಎಂಟು ವರ್ಷದವರಿಗೆ ಎಂದು ಮುಖಪುಟದಲ್ಲಿ ಅಚ್ಚಾಗಿದ್ದರೂ ಅದು ಯಾರ ಮನೆಯ ಎಂಟು ವರ್ಷ ಎಂದು ಕೇಳಿಕೊಳ್ಳಬೇಕು. ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ, ಅದು ನಿಂತು ತಡವರಿಸಿದ ಪದಗಳನ್ನು ಎಣಿಸಿ. ಪುಟಕ್ಕೆ ಐದಾರಕ್ಕಿಂತ ಹೆಚ್ಚಾದರೆ ಆ ಪುಸ್ತಕವನ್ನು ಈ ವರ್ಷ ನೀವು ಓದಿ ಹೇಳುವ ಪುಸ್ತಕವಾಗಿ ಇಟ್ಟುಕೊಳ್ಳಿ. ಕೊಡವ ತಕ್ಕನ್ನೂ ಅರೆಭಾಷೆಯನ್ನೂ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ, ಸ್ಟೋರಿವೀವರ್‌ನ ಒಂದು ಚಿಕ್ಕ ಕಥೆಯನ್ನು ಅಜ್ಜಿಯ ಬಾಯಿಂದ ಮನೆಮಾತಿಗೆ ತಿರುಗಿಸಿ ಮಗುವಿನ ಕೈಯಲ್ಲೇ ಬರೆಸುವುದು ಕೊಂಡು ತರಲಾಗದ ಸಾಮಗ್ರಿ.

ಯಾವ ಸಾಮಗ್ರಿಯಾದರೂ ಅದರ ನಿಜವಾದ ಬೆಲೆ ಹಿರಿಯರ ಸಮಯ. ದಿನಕ್ಕೊಂದು ಗಂಟೆ ನೀವು ಪಕ್ಕದಲ್ಲಿ ಕುಳಿತೇ ನಡೆಸಬೇಕಾದ ಕಿಟ್ ಅಕ್ಟೋಬರಿನಲ್ಲಿ ಸೊಗಸಾಗಿರುತ್ತದೆ; ಕೊಯ್ಲು ಶುರುವಾಗಿ ಸಂಜೆ ಕಣದಲ್ಲಿ ಕಾಫಿ ರಾಶಿ ಮುಚ್ಚುವ ಹೊತ್ತಿಗೆ ಅದನ್ನು ತೆರೆಯಲು ಯಾರಿಗೂ ಜೀವ ಇರುವುದಿಲ್ಲ. ಆದ್ದರಿಂದ ಡಿಸೆಂಬರಿನಿಂದ ಫೆಬ್ರವರಿವರೆಗೆ ಮಗು ತಾನೇ ನಡೆಸಬಲ್ಲ ಓದಿನ ಪುಸ್ತಕಗಳನ್ನು, ಮಳೆಗಾಲಕ್ಕೆ ಕೈಕೆಲಸದ ಕಿಟ್‌ಗಳನ್ನು ಎತ್ತಿಡುವುದು ನಮ್ಮ ಮನೆಯ ಪದ್ಧತಿ.

ಪರೀಕ್ಷೆಯ ದಾರಿಯನ್ನು ಮುಂಚಿತವಾಗಿ ಯೋಚಿಸಿರಿ, ಏಕೆಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲೆಯ ಬಗ್ಗೆ ಮಾತನಾಡುತ್ತದೆಯೇ ಹೊರತು ಮನೆಶಾಲೆಗೆಂದು ಪ್ರತ್ಯೇಕ ನಿಯಮಗಳನ್ನು ಮಾಡಿಲ್ಲ. ಹೆಚ್ಚಿನ ಕುಟುಂಬಗಳು ಹಿಡಿಯುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ದಾರಿ. ಅದರ ಹತ್ತನೇ ತರಗತಿಯ ಹಂತಕ್ಕೆ ಮಗುವಿಗೆ 14 ತುಂಬಿರಬೇಕು. ಅದಕ್ಕೆ ತನ್ನದೇ ಪಠ್ಯಸಾಮಗ್ರಿ ಇದೆ, ನಡುವೆ ಬರೆದು ಕೊಡುವ ನಿಯೋಜಿತ ಕಾರ್ಯಕ್ಕೆ ಶೇ. 20ರಷ್ಟು ಅಂಕಗಳಿವೆ. ಬೇರೆ ಮಂಡಳಿಗೆಂದು ಬರೆದ ದಪ್ಪ ಗೈಡುಗಳನ್ನು ಆ ಹಂತದಲ್ಲಿ ಕೊಳ್ಳುವುದು ಹಣದ ವ್ಯರ್ಥ. ನಿಮ್ಮ ಮಗಳಿಗೆ ಇನ್ನೂ ಐದು ವರ್ಷ ಬಾಕಿ ಇರುವುದರಿಂದ ಈ ಚಿಂತೆಯನ್ನು ಸದ್ಯಕ್ಕೆ ಬದಿಗಿಡಬಹುದು.

ಕೊಂಡದ್ದು ಒಳ್ಳೆಯದೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಒಂದು ನೋಟ್‌ಬುಕ್ ಸಾಕು. ಪಾರ್ಸೆಲ್ ಬಿಚ್ಚಿದ ದಿನ ಏನನ್ನೂ ಬರೆಯಬೇಡಿ. ಆರು ವಾರ ಬಳಸಿದ ಮೇಲೆ ಬರೆಯಿರಿ. ನನ್ನ ನೋಟ್‌ಬುಕ್ಕಿನ ಒಂದು ಟಿಪ್ಪಣಿ ಹೀಗಿದೆ: "ಕಾಂತದ ಕಿಟ್. ಮಗನಿಗೆ ಹತ್ತು ವರ್ಷ, ಮೊದಲು ಏನೂ ಗೊತ್ತಿರಲಿಲ್ಲ. ಮೊದಲ ವಾರ ದಿನವೂ, ನಾಲ್ಕನೇ ವಾರದಿಂದ ಮುಟ್ಟಿಲ್ಲ. ಕೈಪಿಡಿಯ ಕನ್ನಡ ಇಂಗ್ಲಿಷಿನಿಂದ ತಿರುಗಿಸಿದ್ದು, ನಾಲ್ಕನೇ ಪ್ರಯೋಗ ನನಗೇ ಅರ್ಥವಾಗಲಿಲ್ಲ. ಕಬ್ಬಿಣದ ಪುಡಿಯ ಡಬ್ಬಿ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯಿತು. ದಿಕ್ಸೂಚಿ ಮಾತ್ರ ಈಗಲೂ ಅವನ ಜೇಬಿನಲ್ಲಿದೆ." ಇದರಲ್ಲಿ ನಕ್ಷತ್ರವಿಲ್ಲ, ಆದರೂ ಇನ್ನೊಂದು ಮನೆಯವರು ಇದನ್ನು ಓದಿ, ಇಡೀ ಕಿಟ್ ಬಿಟ್ಟು ಒಂದು ದಿಕ್ಸೂಚಿ ಕೊಳ್ಳಬಹುದು. ಪುಸ್ತಕ ಬಿಟ್ಟಿಯಾಗಿ ಬಂದಿದ್ದರೆ, ಅಥವಾ ನಿಮ್ಮ ಮೂಲಕ ಕೊಂಡರೆ ನಿಮಗೆ ಕಮಿಷನ್ ಸಿಗುವಂತಿದ್ದರೆ, ಅದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಹೇಳಿಬಿಡಿ. ಬೇರೆಯವರ ವಿಮರ್ಶೆ ಓದುವಾಗಲೂ ಆ ಸಾಲು ಇದೆಯೇ ಎಂದು ಮೊದಲು ಹುಡುಕಿ.

ನಿಮ್ಮ ಮನೆಗೆ ಹೊಂದದ ಪುಸ್ತಕ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಅದನ್ನು ಅಟ್ಟದಲ್ಲಿಟ್ಟು ಮಳೆಗಾಲದ ಬೂಷ್ಟಿಗೆ ಒಪ್ಪಿಸುವ ಬದಲು, ಪೆನ್ಸಿಲ್ ಗುರುತು ಅಳಿಸಿ, ನಿಮ್ಮ ಟಿಪ್ಪಣಿಯ ಒಂದು ಪ್ರತಿಯನ್ನು ಮೊದಲ ಹಾಳೆಗೆ ಅಂಟಿಸಿ, ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಡಿ. ಜೂನ್‌ಗೆ ಮೊದಲೇ ಕೊಟ್ಟರೆ ಒಳ್ಳೆಯದು. ಆಮೇಲೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.