ಐಸ್ತೆದ್‌ವೊಡ್: ಕೂರುವುದರಿಂದ ಹುಟ್ಟಿದ ಪದ

ವೇಲ್ಸ್‌ನ ಹಾಡು-ಕವಿತೆಯ ಸ್ಪರ್ಧೆಗೆ ಐಸ್ತೆದ್‌ವೊಡ್ ಎಂದು ಹೆಸರು. ವೆಲ್ಷ್ ಭಾಷೆಯಲ್ಲಿ ‘ಐಸ್ತೆದ್’ ಎಂದರೆ ಕೂರುವುದು, ‘ಬೊಡ್’ ಎಂದರೆ ಇರುವುದು. ಎರಡೂ ಸೇರುವಾಗ ಬಕಾರ ವಕಾರವಾಗುತ್ತದೆ. ಕಡು, ಬೆಳ್ಪು ಸೇರಿ ಕಡುವೆಳ್ಪು ಆಗುವ ನಮ್ಮ ಆದೇಶ ಸಂಧಿಯನ್ನು ಬಲ್ಲವರಿಗೆ ಇದು ಸುಲಭ. ರೋಮನ್ ಅಕ್ಷರ ನೋಡಿ ‘ಐಸ್ಟೆಡ್‌ಫಾಡ್’ ಎಂದು ಓದಬಾರದು. ವೆಲ್ಷ್‌ನಲ್ಲಿ ಜೋಡಿ ‘ಡಿ’ಗೆ ದಕಾರದ ಉಚ್ಚಾರ, ಒಂಟಿ ‘ಎಫ್’ಗೆ ವಕಾರದ್ದು.

1176ರಲ್ಲಿ ದಕ್ಷಿಣ ವೇಲ್ಸ್‌ನ ಅರಸ ಲಾರ್ಡ್ ರೀಸ್ ಕಾರ್ಡಿಗನ್ ಕೋಟೆಯಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಕವಿಗೊಂದು, ವಾದ್ಯಗಾರನಿಗೊಂದು ಕುರ್ಚಿ ಸಂದಿತು. ಛಂದೋಬದ್ಧ ಕವಿತೆಗೆ ಈಗಲೂ ಕುರ್ಚಿಯೇ ಬಹುಮಾನ. 1917ರಲ್ಲಿ ಬರ್ಕನ್‌ಹೆಡ್‌ನಲ್ಲಿ ನಡೆದ ರಾಷ್ಟ್ರೀಯ ಐಸ್ತೆದ್‌ವೊಡ್‌ನಲ್ಲಿ ವಿಜೇತನ ಕಾವ್ಯನಾಮ ಕೂಗಿದಾಗ ಯಾರೂ ಏಳಲಿಲ್ಲ. ಹೆದ್ ವಿನ್ ಎಂಬ ಆ ಕವಿ ಕೆಲವೇ ವಾರಗಳ ಹಿಂದೆ ಯುದ್ಧದಲ್ಲಿ ಮಡಿದಿದ್ದ. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು.

ಊರಿನವರ ನೆನಪಿನಲ್ಲಿ ಉಳಿಯುವುದು ಮಾತ್ರ ಸಣ್ಣ ಸ್ಪರ್ಧೆಗಳೇ. ಚಾಪೆಲ್‌ನ (ಕ್ರೈಸ್ತರ ಪ್ರಾರ್ಥನಾ ಮಂದಿರದ) ಪಕ್ಕದ ಕೋಣೆಯಲ್ಲಿ ಮೊದಲ ಸುತ್ತು. ಒಂದು ವಯೋಮಾನದ ಮಕ್ಕಳೆಲ್ಲ ಒಂದೇ ಹಾಡು ಹಾಡಬೇಕು. ಸಾಮಾನ್ಯವಾಗಿ ಮೂವರು ವೇದಿಕೆ ಹತ್ತುತ್ತಾರೆ. ತೀರ್ಪುಗಾರರು ಪ್ರತಿಯೊಬ್ಬರ ಗುಣದೋಷವನ್ನು ಸಭೆಯ ಎದುರೇ ಹೇಳುತ್ತಾರೆ. ಗೆದ್ದ ಮಗುವಿನ ಕೊರಳಿಗೆ ರಿಬ್ಬನ್ ಕಟ್ಟಿದ ಪುಟ್ಟ ಚೀಲ ಹಾಕುವುದು ರೂಢಿ, ಅದರೊಳಗೆ ಒಂದಿಷ್ಟು ನಾಣ್ಯ.

ಅತಿ ಕಠಿಣವಾದದ್ದು ‘ಕೆರ್ದ್ ಡಾಂಟ್’, ತಂತಿಗೆ ಹೊಂದಿಸಿ ಹಾಡುವ ಕಲೆ. ಹಾರ್ಪ್ ಎಂಬ ತಂತಿವಾದ್ಯ ಒಂದು ಧಾಟಿ ನುಡಿಸುತ್ತದೆ, ಗಾಯಕರು ಅದರ ಮೇಲೆ ಬೇರೊಂದು ಧಾಟಿಯಲ್ಲಿ ಕವಿತೆ ಹಾಡುತ್ತಾರೆ. ಆರಂಭ ಹಾರ್ಪ್‌ನದು, ಹಾಡು ತಡವಾಗಿ ಸೇರುತ್ತದೆ, ಮುಗಿಯುವುದು ಮಾತ್ರ ಒಟ್ಟಿಗೇ. ಹಾರ್ಪ್ ಯಾರಿಗೂ ಕಾಯುವುದಿಲ್ಲ. ಎಣಿಕೆ ತಪ್ಪಿ ಬೇಗ ಎತ್ತಿಕೊಂಡರೆ ಕವಿತೆ ಮುಗಿದ ಮೇಲೂ ತಂತಿ ನುಡಿಯುತ್ತಲೇ ಇರುತ್ತದೆ. ಮಾತಿನ ಒತ್ತು ತಾಳದ ಪೆಟ್ಟಿನ ಮೇಲೆ ಬೀಳದಿದ್ದರೆ ಅರ್ಥವೇ ಕೆಡುತ್ತದೆ. ಇಲ್ಲಿ ಕವಿತೆಯೇ ಮುಖ್ಯ, ಆದ್ದರಿಂದ ಕಂಠ ಎಷ್ಟೇ ಇಂಪಾಗಿದ್ದರೂ ಅಂಕ ಹೋಗುತ್ತದೆ.

ಡೀ ನದಿಯ ದಡದ ಪುಟ್ಟ ಊರು ಲಾನ್‌ಗೊಲ್ಲೆನ್‌ನಲ್ಲಿ 1947ರಿಂದ ಇದೇ ಹೆಸರಿನ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿದೆ. ಹೊರದೇಶದ ಗಾಯಕರನ್ನು ಊರವರು ತಮ್ಮ ಮನೆಗಳಲ್ಲೇ ಇಳಿಸಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷವಾಗಿದ್ದ 1949ರಲ್ಲಿ ಜರ್ಮನಿಯ ಗಾಯಕವೃಂದವೂ ಬಂತು. 1955ರಲ್ಲಿ ಗೆದ್ದ ಇಟಲಿಯ ಮೊಡೆನಾದ ಪುರುಷರ ತಂಡದಲ್ಲಿ ತಂದೆಯ ಜೊತೆ ಹತ್ತೊಂಬತ್ತರ ಹರೆಯದ ಲುಚಾನೊ ಪವರೊಟ್ಟಿ, ಮುಂದೆ ಜಗತ್ಪ್ರಸಿದ್ಧ ಒಪೆರಾ ಗಾಯಕನಾದವನು, ಹಾಡಿದ್ದ.