ಗೋಧಿ, ಎಣ್ಣೆ, ಸೋಪು: ಸೋವಿಯತ್ ಸೇನೆ ವಾಪಸಾದ ಹಿನ್ನೆಲೆ

ಯುದ್ಧವೇ ಇಲ್ಲದೆ ಸೋವಿಯತ್ ಒಕ್ಕೂಟ ಪೂರ್ವ ಯುರೋಪನ್ನು ಬಿಟ್ಟುಕೊಟ್ಟಿದ್ದು ಯಾಕೆ? ಕ್ಷಿಪಣಿ ಪೈಪೋಟಿ, ನಾಯಕರ ಭೇಟಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅಲ್ಲಿನ ಅಂಗಡಿಗಳ ಕಡೆಯಿಂದ ನೋಡಿದವರು ಕಡಿಮೆ.

1963ರಲ್ಲಿ ಬೆಳೆ ಕೈಕೊಟ್ಟಿತು. ಒಂದು ಕಾಲಕ್ಕೆ ಗೋಧಿ ರಫ್ತು ಮಾಡುತ್ತಿದ್ದ ನೆಲ ಕೆನಡಾದಿಂದ, ಅಮೆರಿಕದಿಂದ ಗೋಧಿ ತರಿಸಿಕೊಂಡಿತು. ಮುಂದೆ ಅದೇ ರೂಢಿಯಾಯಿತು. ಖರ್ಚು ನಿಭಾಯಿಸಿದ್ದು ಪಶ್ಚಿಮ ಸೈಬೀರಿಯಾದ ಎಣ್ಣೆ. 1973ರ ನಂತರ ಎಣ್ಣೆ ಬೆಲೆ ನಾಲ್ಕು ಪಟ್ಟಾದಾಗ ಧಾನ್ಯಕ್ಕೂ ದುಡ್ಡಾಯಿತು, ಮಿತ್ರದೇಶಗಳನ್ನು ಸಾಕುವುದಕ್ಕೂ ಆಯಿತು. 1979ರ ಡಿಸೆಂಬರಿನಲ್ಲಿ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದು ಕೈಯಲ್ಲಿ ಕಾಸು ಓಡಾಡುತ್ತಿದ್ದ ಆ ದಿನಗಳಲ್ಲೇ.

1986ರಲ್ಲಿ ಎಲ್ಲ ತಲೆಕೆಳಗಾಯಿತು. ಸೌದಿ ಅರೇಬಿಯಾ ಉತ್ಪಾದನೆ ಹೆಚ್ಚಿಸಿತ್ತು. ಬ್ಯಾರೆಲ್‌ಗೆ 25 ಡಾಲರ್ ದಾಟಿದ್ದ ಎಣ್ಣೆ ಕೆಲವೇ ತಿಂಗಳಲ್ಲಿ 10 ಡಾಲರ್ ಆಸುಪಾಸಿಗೆ ಬಿತ್ತು. ಹೊರಗಿನ ಗೋಧಿ ರೂಬಲ್‌ಗೆ ಸಿಗುವುದಿಲ್ಲ, ಡಾಲರೇ ಬೇಕು. ಹಾಗಂತ ದೇಶದೊಳಗೆ ಆಹಾರದ ಬೆಲೆ ಏರಿಸೋಣವೆಂದರೆ ಅದೂ ಭಯ. 1962ರಲ್ಲಿ ಮಾಂಸ, ಬೆಣ್ಣೆಯ ಬೆಲೆ ಏರಿಸಿದಾಗ ದಕ್ಷಿಣ ರಷ್ಯಾದ ನೊವೊಚೆರ್ಕಾಸ್ಕ್ ಊರಿನ ಕಾರ್ಮಿಕರು ಬೀದಿಗಿಳಿದಿದ್ದರು. ಗೋಲಿಬಾರಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತಿದ್ದರು. ಆ ನೆನಪು ಇನ್ನೂ ಮಾಸಿರಲಿಲ್ಲ.

ಉಳಿದಿದ್ದು ಸಾಲ. ಸಾಲ ಕೊಡುವವರು ಪಶ್ಚಿಮದವರು. ಅವರನ್ನು ಎದುರು ಹಾಕಿಕೊಂಡು ಅವರ ಹತ್ತಿರವೇ ಕೈ ಚಾಚಲು ಆಗುವುದಿಲ್ಲ ಅಲ್ವಾ? 1987ರಲ್ಲಿ ಅಮೆರಿಕದ ಜೊತೆ ಆದ ಕ್ಷಿಪಣಿ ಕಡಿತದ ಒಪ್ಪಂದ, 1988ರ ಡಿಸೆಂಬರಿನಲ್ಲಿ ಸೋವಿಯತ್ ನಾಯಕ ಗೊರ್ಬಚೆವ್ ವಿಶ್ವಸಂಸ್ಥೆಯಲ್ಲಿ 5 ಲಕ್ಷ ಸೈನಿಕರನ್ನು ಕಡಿಮೆ ಮಾಡುತ್ತೇವೆ ಎಂದಿದ್ದು, 1989ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದಿಂದ ಸೇನೆ ಹೊರಬಂದಿದ್ದು: ಇವುಗಳ ಹಿಂದೆ ಶಾಂತಿಯ ಆಸೆ ನಿಜವಾಗಿಯೂ ಇತ್ತು. ಖಾಲಿ ಖಜಾನೆ ಆ ಆಸೆಗೆ ಆತುರ ತಂದಿತು.

ಎಷ್ಟು ಖಾಲಿ? 1989ರ ಜುಲೈಯಲ್ಲಿ ಸೈಬೀರಿಯಾದ ಕಲ್ಲಿದ್ದಲು ಗಣಿಯವರು ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಸೋಪೂ ಇತ್ತು. ದಿನವಿಡೀ ಕಲ್ಲಿದ್ದಲು ಅಗೆದು ಮೇಲೆ ಬಂದವನಿಗೆ ಮೈಯ ಮಸಿ ತೊಳೆಯಲು ಸೋಪಿಲ್ಲ. ಅದೇ ದೇಶದ ಹತ್ತಿರ ಸಾವಿರಾರು ಅಣ್ವಸ್ತ್ರಗಳಿದ್ದವು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಂಕಟವಾಗುತ್ತದೆ.

ಆ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. ಎರಡೇ ತಿಂಗಳಲ್ಲಿ ಮಾಸ್ಕೋ ಪಶ್ಚಿಮ ಜರ್ಮನಿಯನ್ನು ಆಹಾರ ಕೇಳಿತು. ಮಾಂಸ, ಬೆಣ್ಣೆ ಕಡಿಮೆ ದರದಲ್ಲಿ ಬಂದವು. ಜರ್ಮನಿ ಒಂದಾಗುವ ಮಾತುಕತೆ ಶುರುವಾಗಿದ್ದೂ ಆಗಲೇ.

1990ರ ಸೆಪ್ಟೆಂಬರಿನಲ್ಲಿ ಗೊರ್ಬಚೆವ್ ಮತ್ತು ಪಶ್ಚಿಮ ಜರ್ಮನಿಯ ಚಾನ್ಸಲರ್ ಕೋಲ್ ಫೋನಿನಲ್ಲೇ ಚೌಕಾಸಿ ಮಾಡಿದರು. ಪೂರ್ವ ಜರ್ಮನಿಯಲ್ಲಿದ್ದ ಮೂರು ಲಕ್ಷಕ್ಕೂ ಜಾಸ್ತಿ ಸೋವಿಯತ್ ಸೈನಿಕರು ಊರಿಗೆ ಮರಳಬೇಕು. ಆದರೆ ಅಲ್ಲಿ ಅವರಿಗೆ ಮನೆಗಳಿಲ್ಲ. ಕೋಲ್ 8 ಶತಕೋಟಿ ಜರ್ಮನ್ ಮಾರ್ಕ್ ಕೊಡುತ್ತೇನೆ ಎಂದರು, ಗೊರ್ಬಚೆವ್ ಒಪ್ಪಲಿಲ್ಲ. ಕೊನೆಗೆ 12 ಶತಕೋಟಿ, ಜೊತೆಗೆ 3 ಶತಕೋಟಿ ಬಡ್ಡಿಯಿಲ್ಲದ ಸಾಲ. ಆ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ವಾಪಸಾಗುವ ಸೈನಿಕರಿಗೆ ಮನೆ ಕಟ್ಟಿಸಲು ಮೀಸಲಾಯಿತು.